ಜೆನ್ನರನ ಪಾಠ

ಹಿರೀಸಾವೆಯ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದ ಚಲುವನಾರಾಯಣ ಮೇಷ್ಟರಿಗೆ ಇಂಗ್ಲೆಂಡಿನ ಇತಿಹಾಸವೆಂದರೆ ಪ್ರಾಣ. ಹಾಸನದ ಲೈಬ್ರರಿಯಿಂದ ಅಲ್ಲಿನ ದೊಡ್ಡವರ ಜೀವನಚರಿತ್ರೆಗಳನ್ನು ತಂದು ಓದಿ, ತರಗತಿಯಲ್ಲಿ ಕಥೆ ಮಾಡಿ ಹೇಳುವರು. ೧೯೬೩ರಲ್ಲಿ ಸಿಡುಬು ಬಾರದಂತೆ ದಾಕು ಚುಚ್ಚುವವರು ಊರಿಗೆ ಬರುತ್ತಾರೆಂದು ಸುದ್ದಿಯಾದಾಗ ದಾಕು ಕಂಡುಹಿಡಿದ ಜೆನ್ನರನ ಕಥೆ ಹೇಳಿದರು. ಹಾಲು ಕರೆಯುವ ಹುಡುಗಿಯ ಕೈಮೇಲಿನ ದನದ ಸಿಡುಬಿನ ಗುಳ್ಳೆಯಿಂದ ಕೀವು ತೆಗೆದು ತೋಟದ ಮಾಲಿಯ ಮಗನಿಗೆ ಚುಚ್ಚಿದ್ದು, ಜನ ಆಡಿಕೊಂಡದ್ದು, ಹುಡುಗನಿಗೆ ಸಿಡುಬು ತಗಲದೇ ಹೋದದ್ದು.

"ಹೆದರಿಕೊಂಡು ಕೂತವರು ಯಾರೂ ಚರಿತ್ರೇಲಿಲ್ಲ!" ಎಂದು ಮೇಜು ಗುದ್ದಿದರು.

ಮಕ್ಕಳು ಮನೆಗಳಲ್ಲಿ ಅದನ್ನೇ ಹೇಳಿದರು. ದಾಕಿನ ದಿನ ಕೂಲಿಯ ಹೊನ್ನಕ್ಕ ಆರು ತಿಂಗಳ ಕೂಸನ್ನೆತ್ತಿಕೊಂಡು ಎಲ್ಲರಿಗಿಂತ ಮೊದಲು ಬಂದು ನಿಂತು, ಅಲ್ಲಿದ್ದ ಮೇಷ್ಟರನ್ನು ಮಾತಾಡಿಸಿದಳು.

"ನಮ್ ದೊಡ್ ಮಗ್ಳು ಏಳಿದ್ಲು ಸಾ. ನೀವೇ ಏಳಿದ್ಮ್ಯಾಲೆ ಇನ್ನೇನು? ನಿಮ್ ಮಗೀಗೂ ಆಕ್ಸುದ್ರಾ?"

"ಓ, ಹಾಕ್ಸಿದೀನಮ್ಮ."

ಹಿಂದಿನ ಭಾನುವಾರವೇ ಅವರು ಮೂರು ವರ್ಷದ ಮಗಳು ಚೂಡಾಮಣಿಯನ್ನು ಅರಕಲಗೂಡಿನ ಅತ್ತೆಯ ಮನೆಗೆ ಬಿಟ್ಟುಬಂದಿದ್ದರು. ಅವರ ಮೊದಲ ಮಗು ಜ್ವರದಲ್ಲೇ ತೀರಿಕೊಂಡಿತ್ತು. ಹೆಂಡತಿ ಕಾವೇರಮ್ಮ ದಾಕು ಬೇಡವೆಂದಿರಲಿಲ್ಲ, ದಾಕಿನಿಂದ ಬರುವ ಜ್ವರಕ್ಕೆ ಹೆದರಿದವರು ಮೇಷ್ಟರೇ.

ಎಂಟನೇ ದಿನ ಹೊನ್ನಕ್ಕ ಕೂಸಿನೊಂದಿಗೆ ತರಗತಿಯ ಬಾಗಿಲಿಗೆ ಬಂದಳು. ಕೂಸಿನ ತೋಳು ಊದಿತ್ತು.

"ಮೈಯೆಲ್ಲ ಕೆಂಡ ಆಗೈತೆ ಸಾ, ಆಲು ಕುಡೀತಿಲ್ಲ. ಕೇರಿಯೋರೆಲ್ಲ ನನ್ನೇ ಬೈತಾವ್ರೆ. ನಿಮ್ ಮಗೀಗೂ ಇಂಗೇ ಜರ ಬಂದಿತ್ತಾ? ಎಷ್ಟ್ ದಿನಕ್ಕೆ ಬುಡ್ತು?"

ಜ್ವರ ಬಂದು ಹೋಗುತ್ತದೆಂದು ಪುಸ್ತಕದಲ್ಲಿತ್ತು. ಹಾಗೆಂದು ಹೇಳಿಬಿಡಬಹುದಿತ್ತು. ಅವಳ ಕಣ್ಣು ನೋಡಿ ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟರು.

"ಗೊತ್ತಿಲ್ಲ ಹೊನ್ನಕ್ಕ. ಅವಳಿಗೆ ಹಾಕ್ಸೇ ಇಲ್ಲ. ಅರಕಲಗೂಡಲ್ಲಿ ಬಿಟ್ಟುಬಂದೆ. ನಿನಗೆ ಸುಳ್ಳು ಹೇಳ್ದೆ."

ಹೊನ್ನಕ್ಕ ಬೈಯಲಿಲ್ಲ. "ಅಂಗಾ," ಎಂದಳು. ಕೂಸಿನ ತಲೆಗೆ ಸೆರಗು ಹೊದಿಸಿಕೊಂಡು ಬಿಸಿಲಿಗಿಳಿದು ಹೋದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವಳ ದೊಡ್ಡ ಮಗಳು ಸ್ಲೇಟಿನ ಮೇಲೆ ತಲೆ ಬಗ್ಗಿಸಿದವಳು ಗಂಟೆ ಹೊಡೆಯುವವರೆಗೂ ಎತ್ತಲಿಲ್ಲ. ಮೇಷ್ಟರಿಗೂ ಆಮೇಲೆ ಪಾಠ ಮಾಡಲಾಗಲಿಲ್ಲ.

ಎರಡು ದಿನಕ್ಕೆ ಕೂಸಿನ ಜ್ವರ ಬಿಟ್ಟಿತು. ಮೇಷ್ಟರು ರಜೆ ಹಾಕಿ ಮಗಳನ್ನು ಕರೆತಂದು, ಚನ್ನರಾಯಪಟ್ಟಣದಲ್ಲಿ ಬಸ್ಸಿಳಿದು ದಾಕು ಹಾಕಿಸಿದರು. ಅದನ್ನು ಹೇಳಿಬರಲೆಂದು ಸಂಜೆ ಕೇರಿಗೆ ಹೋದರು. ಹೊನ್ನಕ್ಕ ಬಾಗಿಲ ಮುಂದೆ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದಳು. ಮೇಷ್ಟರು ದೂರದಲ್ಲೇ ನಿಂತು ನೋಡಿದರು. ಬಂದ ದಾರಿಯಲ್ಲೇ ಹಿಂದಿರುಗಿದರು.