ಕೂಸಿನ ನೀರು

ಸಾವಕಾರ ಫಕ್ಕೀರೇಶಪ್ಪನವರ ಮೆಣಸಿನಕಾಯಿ ಅಂಗಳದಲ್ಲಿ ಕೈ ತೊಳೆಯಲು ನೀರಿರಲಿಲ್ಲ.

ತೊಟ್ಟು ಬಿಡಿಸುವ ಹೆಂಗಸರು ಬಾಟಲಿಯಲ್ಲಿ ಮನೆಯಿಂದಲೇ ತರಬೇಕು. ಕರಿಯವ್ವ ಜೊತೆಗೆ ಒಂದಿಷ್ಟು ಒಳ್ಳೆಣ್ಣೆಯನ್ನೂ ತರುತ್ತಿದ್ದಳು. ಎಣ್ಣೆ ತಿಕ್ಕಿ ತೊಳೆಯದ ಖಾರದ ಕೈಯಿಂದ ಎತ್ತಿ ಮೊಲೆಗಿಟ್ಟರೆ ಅವಳ ಕೂಸು ಚೀರಿ ಊರು ಎಬ್ಬಿಸುತ್ತಿತ್ತು.

"ಒಂದು ನಳಾ ಹಾಕಸ್ರಿ" ಎಂದಾಗಲೆಲ್ಲ ಲೆಕ್ಕ ಬರೆಯುವ ದಿವಾನಜಿ ಗುಡ್ಡಪ್ಪನದು ಒಂದೇ ಮಾತು: "ನಿನ್ನ ಸಲುವಾಗಿ ತುಂಗಭದ್ರಾ ಹೊಳೀನ ತಿರುವಬೇಕೇನಲೇ ಬೋಸುಡಿ?"

ಅಂದು ಅಂಗಳದಲ್ಲೇ ಪೆಂಡಾಲು. ಸಾವಕಾರರಿಗೆ 'ಜಲದಾನಿ' ಬಿರುದು. ಕೆಲಸ ಬಿಡಿಸಿ ಹೆಂಗಸರನ್ನು ಚಪ್ಪಾಳೆಗೆ ಕೂರಿಸಿದ್ದರು. ಮಾಸ್ತರರೊಬ್ಬರು ಮೈಕಿನಲ್ಲಿ ಜೀವನಚರಿತ್ರೆ ಓದಿದರು. ಹರಕು ಚೀಲ ಹೊತ್ತು ಬ್ಯಾಡಗಿಗೆ ಬಂದದ್ದು, ದಲಾಲಿ ಅಂಗಡಿ, ಕೋಲ್ಡ್ ಸ್ಟೋರೇಜು, ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಪಾಲು. ಆಮೇಲೆ ದೇವರಗುಡ್ಡದಲ್ಲಿ ನೀರಿನ ಟಾಕಿ, ಹಾವೇರಿ ಜಿಲ್ಲೆಯಾದ ಮೇಲೆ ಅಲ್ಲಿನ ಬಸ್‌ಸ್ಟ್ಯಾಂಡಿಗೆ ತಣ್ಣೀರಿನ ಯಂತ್ರ.

"ಒಂದು ಬಿಟ್ಟಾರ ನೋಡ ಬೇ," ಕರಿಯವ್ವನ ಪಕ್ಕದ ಹಸೀನಾಬಿ ಪಿಸುಗುಟ್ಟಿದಳು. "ಬ್ಯಾಡಗಿ ಕಾಯಾಗ ಆಂಧ್ರದ ಖಾರದ ಕಾಯಿ ಕಲಸಿದ್ದು."

"ಸುಮ್ನಿರ. ಅದು ಗುಪ್ತದಾನ."

ಪತ್ರಿಕೆಯವನಿಗೆ ಕೂಲಿ ಹೆಂಗಸಿನ ಜೊತೆ ಫೋಟೋ ಬೇಕಾಯಿತು. ಗುಡ್ಡಪ್ಪ ಕರಿಯವ್ವನನ್ನು ಎಬ್ಬಿಸಿ ಮುಂದೆ ನೂಕಿದ.

"ಬ್ಯಾಡ್ರಿ ಸಾವಕಾರ್ರ, ಕೈ ತೊಳದಿಲ್ರಿ. ಉರೀತಾವ."

"ಬ್ಯಾಡಗಿ ಕಾಯಿಗೆ ಖಾರ ಎಲ್ಲೀದವ್ವಾ? ಬರೇ ಬಣ್ಣ," ಅತಿಥಿಗಳಿಗೂ ಕೇಳುವಂತೆ ಸಾವಕಾರರು ನಕ್ಕರು. "ನೀ ನನ್ನ ಮಗಳಿದ್ದಂಗ." ಎರಡೂ ಕೈಯಿಂದ ಅವಳ ಕೈ ಹಿಡಿದರು. ಫೋಟೋ ಆಯಿತು. ಮಾಸ್ತರರ ಹೊಗಳಿಕೆಗೆ ಸಾವಕಾರರ ಕಣ್ಣು ತೇವಗೊಂಡಿತು. ಅದೇ ಕೈಯಿಂದ ಒರೆಸಿಕೊಂಡರು.

"ನೋಡಿರಿ, ಕರುಣೆಯ ಕಣ್ಣೀರು!" ಎಂದರು ಮಾಸ್ತರರು. ಚಪ್ಪಾಳೆ.

"ಯಪ್ಪಾ, ಸತ್ನೆಪಾ! ನೀರು ತರ್ರಲೇ!" ಸಾವಕಾರರು ಕಣ್ಣು ಮುಚ್ಚಿಕೊಂಡು ಚೀರಿದರು.

ಗುಡ್ಡಪ್ಪ ಅಂಗಳವೆಲ್ಲ ಓಡಾಡಿದ. ಹೆಂಗಸರ ಬಾಟಲಿಗಳು ಬುತ್ತಿಯ ಹೊತ್ತಿಗೇ ಬರಿದಾಗಿದ್ದವು. ಅತಿಥಿಗಳಿಗೆ ತರಿಸಿದ್ದು ಸೋಡಾ. ಅದನ್ನೇ ಮುಖಕ್ಕೆ ಸುರಿದು ಧಣಿಯಿಂದ ಒದೆ ತಿಂದ. ತುಂಬಿದ್ದು ಕರಿಯವ್ವನ ಬಾಟಲಿಯೊಂದೇ.

"ಕೊಡಲೇ ಅದನ್ನ!" ಗುಡ್ಡಪ್ಪ ಕೈ ಚಾಚಿದ.

ಬೇವಿನ ಮರದ ಜೋಲಿಯಲ್ಲಿ ಕೂಸು ಅಳತೊಡಗಿತ್ತು. ಕರಿಯವ್ವ ಕೈಗೆ ಎಣ್ಣೆ ತಿಕ್ಕಿದಳು. ಬಾಟಲಿ ಬಗ್ಗಿಸಿ, ಅವಸರವಿಲ್ಲದೆ, ಬೆರಳ ಸಂದು ಸಂದು ತೊಳೆದಳು.

"ಇದು ಕೂಸಿನ ಪಾಲಿಂದ್ರಿ ಸಾವಕಾರ್ರ. ದೇವರಗುಡ್ಡದಾಗ ನಿಮ್ಮ ಟಾಕಿ ಐತಲ್ರಿ, ಲಗೂನ ಹೋಗ್ರಿ."

ಕೂಸನ್ನೆತ್ತಿ ಸೆರಗಿನೊಳಗೆ ಎಳೆದುಕೊಂಡಳು. ಹಸೀನಾಬಿ ಗೊಳ್ಳನೆ ನಕ್ಕುಬಿಟ್ಟಳು.

ಅಂದು ಹೋದದ್ದು ಇಷ್ಟು: ಸೋಡಾ ಬಿದ್ದ ಜರಿಶಾಲು ಒಂದು, ನೀರು ಒಂದು ಬಾಟಲಿ, ಕೂಲಿ ಕೆಲಸ ಎರಡು.