ಪಾದ ನೋಡಿ ನುಡಿಸುವವಳು

ಇಂಗ್ಲೆಂಡಿನ ಹಳ್ಳಿಗಳ ಮಾರಿಸ್ ಕುಣಿತದಲ್ಲಿ ವಾದ್ಯ ನುಡಿಸುವವರ ಕಣ್ಣು ಸದಾ ಮುಂದಾಳಿನ ಪಾದದ ಮೇಲಿರಬೇಕು. ಅವನು ಜಿಗಿದು ಗಾಳಿಯಲ್ಲಿರುವಷ್ಟು ಹೊತ್ತು ಸ್ವರ ಎಳೆದು, ಅವನ ಗೆಜ್ಜೆ ನೆಲ ಮುಟ್ಟಿದಾಗ ಇಳಿಸಬೇಕು. ಕ್ಲಿಫರ್ಡನ ಪಾದಗಳನ್ನು ಹೀಗೆ ಕಾಯುತ್ತ ಅಕಾರ್ಡಿಯನ್ ನುಡಿಸಿಕೊಂಡು ಬಂದವಳು ಅವನ ಹೆಂಡತಿ ಬ್ರೆಂಡಾ. ಮನೆಯಲ್ಲಿ ಅವನ ಮಾತಿಗೆ ಸೊಪ್ಪು ಹಾಕದವಳು, ಕುಣಿತದಲ್ಲಿ ಮಾತ್ರ ಅವನ ಹೆಬ್ಬೆರಳಿಗೂ ಮರ್ಯಾದೆ ಕೊಡುತ್ತಿದ್ದಳು.

ಈ ಬೇಸಿಗೆಯಲ್ಲಿ ಅವರ ತಂಡ ಇಂಗ್ಲೆಂಡಿನಿಂದ ಕಡಲು ದಾಟಿ, ಫ್ರಾನ್ಸಿನ ಬ್ರಿಟನಿ ಕರಾವಳಿಯ ಮೀನುಗಾರರ ಊರಿಗೆ ಬಂದಿತ್ತು. ಹರೆಯದಲ್ಲೊಮ್ಮೆ ಇಲ್ಲಿಯೇ ಕುಣಿದು ಹೋಗಿದ್ದ ಕ್ಲಿಫರ್ಡನಿಗೆ ಈಗ ಎಪ್ಪತ್ತು ಹತ್ತಿರ, ಮಂಡಿ ಮುನಿಸಿಕೊಂಡಿದೆ. ಆದರೂ ಮುಂದಾಳಿನ ಜಾಗ ಬಿಡಲು ಸುತರಾಂ ಮನಸ್ಸಿಲ್ಲ.

"ರಾಗ ಇನ್ನೂ ನನ್ನ ಜೊತೆಗೇ ಇಳಿಯುತ್ತೆ ತಾನೆ? ಅಲ್ಲೀವರೆಗೂ ನಾನೇ," ಎನ್ನುತ್ತಿದ್ದ. ಯಾರೂ ಎದುರಾಡುತ್ತಿರಲಿಲ್ಲ.

ಮಧ್ಯಾಹ್ನ ಊರ ಚೌಕದಲ್ಲಿ ಕುಣಿತ. ಆ ಊರಿನ ಲೊಯಿಕ್ ಎಂಬವನೂ ಅಕಾರ್ಡಿಯನ್ ಹಿಡಿದು ಬಂದ.

"ನಿಮ್ಮ ರಾಗ ನಂಗೆ ಬಾಯಿಪಾಠ. ಹೋದ್ಸಲ ನೀವು ಬಂದಾಗ ನಮ್ಮಪ್ಪ ಕ್ಯಾಸೆಟ್ ಮಾಡ್ಕೊಂಡಿದ್ರು. ಒಂದ್ಸಲ ನುಡಿಸ್ಲಾ?"

ಬ್ರೆಂಡಾ ಹಿಂದೆ ಮುಂದೆ ನೋಡಿದಳು.

"ಬಿಟ್ಕೊಡೇ ಮಾರಾಯ್ತಿ, ಪಾಪ ಆಸೆಪಟ್ಟಿದಾನೆ," ಎಂದವನು ಕ್ಲಿಫರ್ಡನೇ.

ಜಿಗಿತ ಬಂತು. ಕುಣಿಯುವವರ ಕೈಯ ಬಿಳಿ ಕರವಸ್ತ್ರಗಳು ಮೇಲೆದ್ದವು. ಕ್ಲಿಫರ್ಡನ ಗೆಜ್ಜೆ ಝಲ್ಲೆಂದು ನೆಲಕ್ಕೆ ಬಿತ್ತು. ಸ್ವರ ಇನ್ನೂ ಮೇಲೆಯೇ ಇತ್ತು. ಉಳಿದ ಐವರು ಸ್ವರದ ಜೊತೆ ಆರಾಮವಾಗಿ ಇಳಿದರು. ಮತ್ತೆ ಜಿಗಿದ, ಮತ್ತೆ ಒಬ್ಬನೇ ಮೊದಲು ಬಿದ್ದ. ಇದೂ ಕುಣಿತದ ತಮಾಷೆಯೆಂದು ಜನ ನಕ್ಕರು. ಲೊಯಿಕ್‌ನನ್ನು ಬಯ್ಯೋಣವೆಂದರೆ ಅವನು ನುಡಿಸಿದ್ದು ಅಂದು ಆ ಕ್ಯಾಸೆಟ್ಟಿನಲ್ಲಿ ಬ್ರೆಂಡಾ ನುಡಿಸಿದ್ದನ್ನೇ. ಆ ಉದ್ದನೆಯ ಸ್ವರ ಕ್ಲಿಫರ್ಡನ ಹರೆಯದ ಜಿಗಿತದ್ದು.

ಆಮೇಲೆ ಬೆಂಚಿನ ಮೇಲೆ ಗಂಡಹೆಂಡತಿ ಸೇಬಿನ ಮದ್ಯ ಹಿಡಿದು ಕೂತರು.

"ಯಾವಾಗಿಂದ ಗಿಡ್ಡ ಮಾಡ್ತಿದೀಯ?" ಎಂದ ಕ್ಲಿಫರ್ಡ್.

"ಏನನ್ನ?"

"ರಾಗಾನ, ಬ್ರೆಂಡಾ."

ಅವಳು ಲೋಟ ಕೆಳಗಿಟ್ಟಳು. "ಯಾರಿಗ್ಗೊತ್ತು? ನಿನ್ನ ಪಾದ ನೋಡ್ತೀನಿ, ನುಡಿಸ್ತೀನಿ."

"ಹೇಳ್ಬಾರ್ದಿತ್ತಾ?"

"ಕೇಳೋ ಗಿರಾಕಿನಾ ನೀನು? ಗೊರಕೆ ಹೊಡೀತೀಯ ಅಂದ್ರೇನೇ ಒಪ್ಪಲ್ಲ."

ಕ್ಲಿಫರ್ಡನಿಗೆ ನಗು ಬಂತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ತನ್ನ ಹಟಕ್ಕಾಗಿ ಇಡೀ ತಂಡ ಇಷ್ಟು ದಿನ ತಗ್ಗಿ ಜಿಗಿದಿತ್ತಲ್ಲ! ತಂಡದಲ್ಲೇ ಕಿರಿಯವಳಾದ ಟ್ಯಾಮ್ಸಿನ್‌ಳನ್ನು ಕರೆದ.

"ಸಂಜೆ ಮುಂದೆ ನೀನು ನಿಂತ್ಕೊ."

"ಮತ್ತೆ ನೀವು?"

"ಕೂತ್ಕೊಂಡು ತಪ್ಪು ಹುಡುಕ್ತೀನಿ. ಅದಕ್ಕೆ ಮಂಡಿ ಬೇಡ."

ಸಂಜೆ ಬ್ರೆಂಡಾಳ ಅಕಾರ್ಡಿಯನ್‌ಗೆ ಟ್ಯಾಮ್ಸಿನ್ ಚಿಗರೆಯ ಹಾಗೆ ಜಿಗಿದಳು. ಆದರೆ ಅವಳಿನ್ನೂ ಮೇಲಿರುವಾಗಲೇ ಸ್ವರ ಇಳಿದುಬಿಟ್ಟಿತು, ಕೆಳಗೆ ಬಂದವಳು ಮುಗ್ಗರಿಸಿದಳು. ಕ್ಲಿಫರ್ಡ್ ತಿರುಗಿ ನೋಡಿದ. ಬ್ರೆಂಡಾಳ ಕಣ್ಣು ಬೆಂಚಿನ ಕೆಳಗೆ, ತಾಳ ಹಾಕುತ್ತಿದ್ದ ಅವನ ಬಲಗಾಲಿನ ಮೇಲಿತ್ತು. ಅದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

ಕ್ಲಿಫರ್ಡ್ ಕೂಗಿ ಹೇಳಬಹುದಿತ್ತು. ಬದಲಿಗೆ, ಟ್ಯಾಮ್ಸಿನ್ ಮತ್ತೆ ಮೇಲೇಳುತ್ತಿದ್ದಂತೆ ತಾನೂ ಕೂತಲ್ಲಿಂದಲೇ ಕಾಲೆತ್ತಿದ. ಮಂಡಿ ಚುರುಕ್ಕೆಂದಿತು. ಇಳಿಸದೆ ಹಿಡಿದೇ ಇದ್ದ. ಸ್ವರವೂ ಇಳಿಯದೆ ನಿಂತಿತು. ಟ್ಯಾಮ್ಸಿನ್‌ಳ ಗೆಜ್ಜೆ ನೆಲ ಮುಟ್ಟಿದಾಗ ಅವನೂ ಮೆಲ್ಲಗೆ ಕಾಲು ಕೆಳಗಿಟ್ಟ.