ನೇರಳೆ ತುಟಿ

ಅಣ್ಣ ಒದ್ದೆ ಬಟ್ಟೆಯಿಂದ ಸತ್ತವಳ ತುಟಿ ಉಜ್ಜುತ್ತಿದ್ದ. ನೇರಳೆ ಬಣ್ಣ ಹೋಗುತ್ತಿರಲಿಲ್ಲ.

“ಬಿಡು,” ಎಂದಳು ತಂಗಿ.

“ಜನ ನೋಡ್ತಾರೆ ಕಣೇ.”

“ಅಕ್ಕ ಇದ್ದಾಗ್ಲೂ ನೀನು ಇದನ್ನೇ ಹೇಳಿದೆ. ಈಗ್ಲಾದ್ರೂ ಸುಮ್ನಿರು.”

ಬಟ್ಟೆ ಬಿಸಾಕಿ ಅವನು ಹೊರಗೆ ಹೋದ. ಅಂಗಳದಲ್ಲಿ ಬಸ್ ನಿಲ್ದಾಣದವರು ಖಾಕಿಯಲ್ಲೇ ಬಂದು ನಿಂತಿದ್ದರು. ಅಲ್ಲಿನ ಮೈಕಿನಲ್ಲಿ ವರ್ಷಾನುಗಟ್ಟಲೆ ಬಸ್ಸುಗಳನ್ನು ಕೂಗಿದವಳು ಅಕ್ಕ. “ಡ್ರೈವರಣ್ಣ, ಟೀ ಕುಡಿದದ್ದು ಸಾಕು, ಬಸ್ ತೆಗಿ” ಎಂದು ಮೈಕಿನಲ್ಲೇ ಗದರುತ್ತಿದ್ದಳು. ನಿಲ್ದಾಣವೆಲ್ಲ ನಗುತ್ತಿತ್ತು.

*

ಗಂಡ ತೀರಿಕೊಂಡ ಮೇಲೆ ತನಗೂ ಎಚ್‌ಐವಿ ಇದೆಯೆಂದು ಅಕ್ಕನಿಗೆ ಗೊತ್ತಾಯಿತು. ಅಣ್ಣನ ಮನೆ ಸೇರಿದಳು. ಮಾತ್ರೆ ನುಂಗಿಕೊಂಡು ಗಟ್ಟಿಯಾಗಿಯೇ ಇದ್ದಳು. ಅಣ್ಣನ ಮಗಳಿಗೆ ಸಂಬಂಧ ಕೂಡಿಬಂದಾಗ ಅವನು, “ಮದುವೆ ಮುಗಿಯೋವರೆಗೆ ಮಾತ್ರೆ ಕೊಡೋ ಆ ಆಸ್ಪತ್ರೆ ಕಡೆ ಹೋಗ್ಬೇಡ. ಯಾರಾದ್ರೂ ಕಂಡ್ರೆ ಕೆಟ್ಟೆವು” ಎಂದ. ಇರುವುದು ಅವನ ಸೂರಿನಡಿ. ಒಪ್ಪಿದಳು.

ಮಾತ್ರೆ ನಿಂತು ಕೆಲವು ತಿಂಗಳಾದ ಮೇಲೆ ನಾಲಿಗೆಗೆ ಬಿಳಿ ಬೂಷ್ಟು ಮೆತ್ತಿಕೊಂಡಿತು. ಅಣ್ಣ ಅಂಗಡಿಯಿಂದ ಬಳಿಯುವ ನೇರಳೆ ಔಷಧಿ ತಂದ. ಸ್ವಲ್ಪ ತಗ್ಗಿತು, ಮತ್ತೆ ಬಂತು. ಆಮೇಲೆ ಚೀಪುವ ಗುಳಿಗೆ. ದಿನವಿಡೀ ಮತ್ತೆ ಮತ್ತೆ ಬಾಯಲ್ಲಿಟ್ಟು ಕರಗಿಸಬೇಕು. “ಇದನ್ನ ಚೀಪ್ತಾ ಬಸ್ ಕೂಗಿದ್ರೆ ಬಸ್ಸೂ ತೊದಲುತ್ತೆ” ಎಂದು ತಂಗಿಗೆ ಫೋನಿನಲ್ಲಿ ಹೇಳಿ ನಕ್ಕಿದ್ದಳು. ಅಷ್ಟರಲ್ಲಿ ಬೂಷ್ಟು ಗಂಟಲಿಗಿಳಿದಿತ್ತು. ನೀರು ನುಂಗಿದರೂ ಎದೆಯೊಳಗೆ ಗಾಜು ಗೀರಿದಂತಾಗುತ್ತಿತ್ತು.

ತಂಗಿ ಬಂದವಳೇ ಅವಳನ್ನು ಆಸ್ಪತ್ರೆಗೆ ಎಳೆದೊಯ್ದಳು.

“ಗಂಟಲಿಗಿಳಿದ ಮೇಲೆ ಬಳಿಯೋದು, ಚೀಪೋದು ಸಾಕಾಗಲ್ಲ,” ಎಂದರು ಡಾಕ್ಟರು. “ಇದಕ್ಕೆ ನುಂಗೋ ಮಾತ್ರೆನೇ ಬೇಕು. ಎಚ್‌ಐವಿ ಮಾತ್ರೆನೂ ಮತ್ತೆ ಶುರುವಾಗ್ಬೇಕು. ಇಲ್ಲಾಂದ್ರೆ ಇದು ವಾಪಸ್ ಬರುತ್ತೆ.”

ಕೆಲವೇ ದಿನಗಳಲ್ಲಿ ಅಕ್ಕ ತಟ್ಟೆ ತುಂಬ ಅನ್ನ ಉಂಡಳು. ತಂಗಿ ಧೈರ್ಯವಾಗಿ ತನ್ನೂರಿಗೆ ಮರಳಿದಳು. ಅವಳು ಅತ್ತ ಹೋದದ್ದೇ ತಡ, ಬೀಗರ ಕಣ್ಣಿಗೆ ಬಿದ್ದೀತೆಂದು ಅಣ್ಣ ಆ ಮಾತ್ರೆ ಡಬ್ಬಿಗಳನ್ನೆಲ್ಲ ಚರಂಡಿಗೆ ಸುರಿದು, ನೇರಳೆ ಸೀಸೆಯನ್ನೇ ಮತ್ತೆ ತಂದಿಟ್ಟ. ಅಕ್ಕ ಇದನ್ನು ಬಾಯಿಬಿಟ್ಟದ್ದು ಸ್ವರವೆಲ್ಲ ಇಂಗಿಹೋದ ಮೇಲೆ, ತಂಗಿಯ ಕಿವಿಯಲ್ಲಿ. “ನಾನು ಹೋದ ಮೇಲಾದ್ರೂ ನಿಜ ಹೇಳು” ಎಂದಿದ್ದಳು.

*

ಪಕ್ಕದ ಮನೆಯಾಕೆ ಬಂದವರಿಗೆಲ್ಲ ಅಣ್ಣನ ಮನೆಯ ಲೋಟಗಳಲ್ಲೇ ನೀರು ಕೊಡುತ್ತಿದ್ದಳು.

“ಏನಾಗಿತ್ತಮ್ಮಾ ಅವ್ರಿಗೆ?” ಹಿರಿಯ ಡ್ರೈವರ್ ತಂಗಿಯನ್ನು ಕೇಳಿದ.

“ಗಂಟಲು ಕ್ಯಾನ್ಸರ್,” ಅಣ್ಣ ನಡುವೆ ಬಾಯಿ ಹಾಕಿದ.

“ಸುಳ್ಳು,” ಎಂದಳು ತಂಗಿ. “ಎಚ್‌ಐವಿ ಇತ್ತು. ಸಾಯೋ ಕಾಯಿಲೆ ಏನಲ್ಲ, ಮಾತ್ರೆ ಇತ್ತು. ಅದನ್ನ ಇವನು ಚರಂಡಿಗೆ ಹಾಕಿದ. ಗುಣ ಆಗೋ ಬಾಯಿಹುಣ್ಣಿಗೆ ನನ್ನಕ್ಕ ನುಂಗೋಕಾಗ್ದೆ ಉಪವಾಸ ಬಿದ್ದು ಸತ್ತಳು.”

ಯಾರೂ ಅಣ್ಣನ ಕಡೆ ನೋಡಲಿಲ್ಲ. ಎಲ್ಲರೂ ತಂತಮ್ಮ ಕೈಯಲ್ಲಿದ್ದ ಲೋಟ ನೋಡಿಕೊಂಡರು. ಒಬ್ಬ ತನ್ನ ಲೋಟವನ್ನು ಕಾಂಪೌಂಡಿನ ಮೇಲಿಟ್ಟು ಪ್ಯಾಂಟಿಗೆ ಕೈ ಒರೆಸಿಕೊಂಡ. ಇನ್ನೊಬ್ಬ ಇಟ್ಟ. ಹಿರಿಯ ಡ್ರೈವರ್ ಕೂಡ ಇಟ್ಟ. ಗೋಡೆಯ ಉದ್ದಕ್ಕೂ ತುಂಬಿದ ಲೋಟಗಳು ಸಾಲಾಗಿ ನಿಂತವು.

ತಂಗಿ ಹೋಗಿ ಒಂದನ್ನೆತ್ತಿ ಗಟಗಟನೆ ಕುಡಿದಳು. ಇನ್ನೊಂದನ್ನೆತ್ತಿದಳು. ಗದ್ದದಿಂದ ಸೋರುತ್ತಿದ್ದ ನೀರನ್ನು ಒರೆಸಿಕೊಳ್ಳದೆ, ಅವರೆಲ್ಲರ ಮುಖ ನೋಡುತ್ತಲೇ, ಮುಂದಿನದಕ್ಕೆ ಕೈ ಚಾಚಿದಳು.